ಮುಟ್ಟಲು ಬಿಡಿ

ಮೇಷ್ಟ್ರೇ, ತರಬೇತಿ ಮುಗಿಸಿ ಬಂದಿರಿ. ದೀಕ್ಷಾ ಆ್ಯಪ್ ಇಳಿಸಿಕೊಳ್ಳೋದು, ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ಮೊಬೈಲು ಹಿಡಿದು ವಿಡಿಯೋ ತೋರಿಸೋದು ಎಲ್ಲಾ ಕಲಿತಿರಿ. ಒಳ್ಳೇದೇ. ನಾನು ಯಂತ್ರದ ವಿರೋಧಿಯಲ್ಲ. ನಮ್ಮಪ್ಪ ಓದಲಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡೋನು. ಹೊಸ ವಿದ್ಯೆ ಬೇಡ ಅನ್ನೋ ಸೊಕ್ಕು ನಮಗಿಲ್ಲ.

ನನ್ನ ಪ್ರಶ್ನೆ ಒಂದೇ: ಆ ಯಂತ್ರವನ್ನು ಮುಟ್ಟುವವರು ಯಾರು?

ನಾನು ಓದಿದ ಶಾಲೆಗೂ ಕಂಪ್ಯೂಟರ್ ಬಂದಿತ್ತು. ಬೀಗ ಹಾಕಿದ ಕೋಣೆ. ತೆರೆದ ದಿನ ಮುಂದೆ ಊರ ಗೌಡರ ಮಕ್ಕಳು. ಹಿಂದೆ ನಿಂತ ಕೇರಿ ಹುಡುಗರಿಗೆ ಒಂದೇ ಪಾಠ: "ಲೇ, ಮುಟ್ಬೇಡ, ಕೆಟ್ಟೋಗ್ತದೆ!" ಈ ಮಾತು ನಮಗೆ ಹೊಸದಾ? ಸಾತಾರಾದ ಶಾಲೆಯಲ್ಲಿ ಬಾಲಕ ಭೀಮರಾವ್ ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ತಿರುಗಿಸಿದರೆ ನೀರು, ಜವಾನ ಬಾರದಿದ್ದರೆ ಬಾಯಾರಿಕೆ. ಅವತ್ತು ನಲ್ಲಿ, ಇವತ್ತು ಪರದೆ.

2020ರ ಮಾರ್ಚಿನಲ್ಲಿ ಕೊರೋನಾಕ್ಕೆ ಶಾಲೆ ಮುಚ್ಚಿತು, ಪಾಠ ಮೊಬೈಲಿಗೆ ಹೋಯಿತು. ಮೊಬೈಲಿಲ್ಲದ ಮನೆಯ ಎಷ್ಟೋ ಮಕ್ಕಳು ಕೂಲಿಗೆ ಹೋದವು. 2022ರಲ್ಲಿ ಸರ್ಕಾರ 'ಕಲಿಕಾ ಚೇತರಿಕೆ' ತಂದಿತು. ಚೇತರಿಸಿಕೊಳ್ಳಬೇಕಾದದ್ದು ಮಕ್ಕಳೋ, ಈ ವ್ಯವಸ್ಥೆಯೋ?

ತರಬೇತಿ ನಿಮ್ಮ ಬೆರಳಿಗೇ ನಿಂತರೆ ಅದು ತರಬೇತಿಯಲ್ಲ, ಇನ್ನೊಂದು ಯಜಮಾನಿಕೆ. ಬೀಗ ತೆಗೆಯಿರಿ. ಹಿಂದಿನ ಸಾಲಿನ ಮಗುವಿನಿಂದಲೇ ಶುರು ಮಾಡಿ. ಒಂದೇ ಮೊಬೈಲಿದ್ದರೆ ಸರದಿ ಹಚ್ಚಿ. ಪ್ರತಿ ಮಗುವೂ ತಾನೇ ಒತ್ತಲಿ, ತಪ್ಪಲಿ, ಮತ್ತೆ ಒತ್ತಲಿ. ಕೆಟ್ಟರೆ ಸಂಬಳದಲ್ಲಿ ಮುರಕೊಳ್ತಾರೆ ಅನ್ನೋ ಭಯವಾ? ಆ ಭಯದ ವಿರುದ್ಧ ಸಂಘ ಕಟ್ಟಿ, ನಾವೂ ಬರ್ತೀವಿ.

ಮಕ್ಕಳ ಕೈ ಮಾತ್ರ ಕಟ್ಟಬೇಡಿ.