ದಿಲ್ಲಿಯನ್ನೇ ಕೇಳಬೇಕಾದ ಜೋಯಿಡಾದ ಪ್ರಶ್ನೆಗಳು

ಉತ್ತರ ಕನ್ನಡದ ಜೋಯಿಡಾದ ಕಾಡಿನ ನಡುವೆ ಗೆಡ್ಡೆಗೆಣಸು ಬೆಳೆದು ಬದುಕುವ ಕುಣಬಿಗಳು ಇದ್ದಾರೆ. ಗಡಿ ದಾಟಿದರೆ ಗೋವಾದಲ್ಲಿಯೂ ಕುಣಬಿಗಳು ಇದ್ದಾರೆ. ಗೋವಾದವರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಜೋಯಿಡಾದವರು ದಶಕಗಳಿಂದ ಮನವಿ ಕೊಡುತ್ತ, ಮೆರವಣಿಗೆ ಹೊರಡುತ್ತ ಪಟ್ಟಿಯ ಹೊರಗೇ ಉಳಿದಿದ್ದಾರೆ. ಅದೇ 2003ರಲ್ಲಿ ಹಳಿಯಾಳ, ಮುಂಡಗೋಡ, ಯಲ್ಲಾಪುರದ ಸಿದ್ದಿಗಳಿಗೆ ಆ ಬಾಗಿಲು ತೆರೆಯಿತು. ಈ ಬಾಗಿಲಿನ ಕೀಲಿ ಬೆಂಗಳೂರಿನಲ್ಲಿಲ್ಲ. ಸಂವಿಧಾನದ 342ನೇ ವಿಧಿಯ ಪ್ರಕಾರ ಪಟ್ಟಿಗೆ ಒಂದು ಹೆಸರು ಸೇರಬೇಕಾದರೂ ತೆಗೆಯಬೇಕಾದರೂ ಸಂಸತ್ತೇ ಕಾನೂನು ಮಾಡಬೇಕು.

ಹಾಗಿದ್ದಮೇಲೆ ಲೋಕಸಭೆಯ ಚುನಾವಣೆಯಲ್ಲಿ ಇದು ದೊಡ್ಡ ಮಾತಾಗಬೇಕಿತ್ತು.

2024ರ ಮೇ 7ರಂದು ಉತ್ತರ ಕನ್ನಡ ಮತ ಹಾಕಿತು. ಆರು ಬಾರಿ ಗೆದ್ದಿದ್ದ ಅನಂತಕುಮಾರ ಹೆಗಡೆಯವರಿಗೆ ಟಿಕೆಟ್ ತಪ್ಪಿ, ವಿಧಾನಸಭೆಯ ಮಾಜಿ ಸ್ಪೀಕರ್ ವಿಶ್ವೇಶ್ವರ ಹೆಗಡೆ ಕಾಗೇರಿ ಬಿಜೆಪಿಯಿಂದ ನಿಂತರು. ಎದುರಿಗೆ ಕಾಂಗ್ರೆಸ್ಸಿನಿಂದ ಖಾನಾಪುರದ ಮಾಜಿ ಶಾಸಕಿ ಡಾ. ಅಂಜಲಿ ನಿಂಬಾಳ್ಕರ್. ಕಾಗೇರಿಯವರು 3,37,428 ಮತಗಳ ಅಂತರದಿಂದ ಗೆದ್ದರು. ಟಿಕೆಟ್ ಯಾರಿಗೆ, ಜಾತಿಯ ಲೆಕ್ಕ ಏನು, ಮೋದಿ ಅಲೆ ಎಷ್ಟು, ಗ್ಯಾರಂಟಿಗಳ ಬಲ ಎಷ್ಟು ಎಂಬ ಚರ್ಚೆಗೆ ಬರವಿರಲಿಲ್ಲ. ಘಟ್ಟದ ಮೇಲಿನ ಈ ತಾಲೂಕುಗಳ ಮಾತು ಆ ಗದ್ದಲದಲ್ಲಿ ಕೆಳದನಿಯಾಯಿತು.

ದಿಲ್ಲಿಯಲ್ಲೇ ಇತ್ಯರ್ಥವಾಗಬೇಕಾದ ವ್ಯಾಜ್ಯಗಳು ಇಷ್ಟು ಒತ್ತಾಗಿ ಸೇರಿಕೊಂಡ ಸೀಮೆ ಕರ್ನಾಟಕದಲ್ಲಿ ಅಪರೂಪ. 2006ರ ಅರಣ್ಯ ಹಕ್ಕು ಕಾಯ್ದೆಯನ್ನೇ ನೋಡಿ. ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷ್ಯ ಕೊಡಬೇಕೆಂದು ಅದು ಹೇಳುತ್ತದೆ. ಅಜ್ಜ ಉತ್ತ ಗದ್ದೆಗೆ ಕಾಗದ ಎಲ್ಲಿಂದ ತರುವುದು? ಕುಣಬಿಗಳು ಪಟ್ಟಿಗೆ ಸೇರಿದರೆ ಈ 75 ವರ್ಷದ ಗಂಟು ಅವರ ಪಾಲಿಗೆ ತಾನಾಗಿ ಸಡಿಲುತ್ತದೆ. ಎರಡೂ ಒಂದೇ ಹಗ್ಗದ ಎಳೆಗಳು. ಸೂಪಾ ಅಣೆಕಟ್ಟಿಗೆ ಊರನ್ನೇ ಬಿಟ್ಟುಕೊಟ್ಟ ತಾಲೂಕು ಜೋಯಿಡಾ. ಆಮೇಲೆ ಹುಲಿ ಸಂರಕ್ಷಿತ ಪ್ರದೇಶವೂ ಬಂತು. ಇಷ್ಟು ಕೊಟ್ಟವರು ತಮ್ಮ ಅಂಗಳದ ಹಕ್ಕಿಗೆ ಕೈಯೊಡ್ಡಿ ನಿಲ್ಲುವುದು ನ್ಯಾಯವಲ್ಲ.

ದಾಂಡೇಲಿಯದು ರೈಲಿನ ಮಾತು. ಕಾಗದದ ಕಾರ್ಖಾನೆಯ ಊರಿಗೆ ಅಳ್ನಾವರದಿಂದ ಹಳಿ ಇದೆ. ವರ್ಷಗಟ್ಟಲೆ ನಿಂತಿದ್ದ ಪ್ರಯಾಣಿಕರ ರೈಲು 2019ರಲ್ಲಿ ಮತ್ತೆ ಓಡಿತು, ಕೊರೊನಾ ಕಾಲದಲ್ಲಿ ನಿಂತಿತು.

ಮುಂಡಗೋಡದ್ದು ಇನ್ನೂ ಸೂಕ್ಷ್ಮ. 1966ರಿಂದ ಇಲ್ಲಿರುವ ಟಿಬೆಟಿಯನ್ ನೆಲೆಯಲ್ಲಿ ಹುಟ್ಟಿ ಬೆಳೆದವರಿದ್ದಾರೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಇಲ್ಲಿಯ ನಾಗರಿಕರೇ ಎಂಬ ಕರ್ನಾಟಕ ಹೈಕೋರ್ಟಿನ ತೀರ್ಪಿನ ಬೆನ್ನಿಗೆ, 2014ರಲ್ಲಿ ಅಂಥವರ ಹೆಸರು ಮತದಾರರ ಪಟ್ಟಿಗೆ ಸೇರಿಸಲು ಚುನಾವಣಾ ಆಯೋಗ ಸೂಚಿಸಿತು. ಕೆಲವರು ಸೇರಿದರು. ನಿರಾಶ್ರಿತರೆಂಬ ಗುರುತು ಎಲ್ಲಿ ಕೈಬಿಟ್ಟೀತೋ ಎಂದು ಹಲವರು ಹಿಂದೆ ಸರಿದರು. ಪೌರತ್ವವೂ ಕೇಂದ್ರದ್ದೇ ವಿಷಯ.

ಈ ಮಾತುಗಳು ಚುನಾವಣೆಯಲ್ಲಿ ಕೆಳದನಿಯಾಗಲು ಕ್ಷೇತ್ರದ ಹರವು ಒಂದು ಕಾರಣ. ಭಟ್ಕಳದ ಕಡಲಿನಿಂದ ಬೆಳಗಾವಿ ಜಿಲ್ಲೆಯ ಕಿತ್ತೂರಿನವರೆಗೆ ಎಂಟು ವಿಧಾನಸಭಾ ಕ್ಷೇತ್ರ, 16 ಲಕ್ಷಕ್ಕೂ ಹೆಚ್ಚು ಮತದಾರರು. ಹೋಲಿಕೆಗೆ ಕೆನಡಾವನ್ನು ನೋಡಿ. ಅಲ್ಲಿಯ ಒಟ್ಟಾವಾ ನಗರದ ಹೊರವಲಯದಲ್ಲಿ ಬೆಳೆಯುತ್ತಿರುವ ನೆಪಿಯನ್ ಕ್ಷೇತ್ರವನ್ನು 2015ರಿಂದ ಶಿರಾ ತಾಲೂಕಿನ ಚಂದ್ರ ಆರ್ಯ ಪ್ರತಿನಿಧಿಸಿದ್ದರು. 2022ರಲ್ಲಿ ಅಲ್ಲಿಯ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದವರೂ ಅವರೇ. 2025ರಲ್ಲಿ ಪಕ್ಷ ಅವರಿಗೆ ಅವಕಾಶ ನಿರಾಕರಿಸಿತು, ಅಲ್ಲಿಂದ ಮಾರ್ಕ್ ಕಾರ್ನಿ ಗೆದ್ದರು. ಟಿಕೆಟ್ ತಪ್ಪಿಸುವ ಆಟ ಅಲ್ಲೂ ಇದೆ. ಆದರೆ ಅಲ್ಲಿ ಹತ್ತು ವರ್ಷಕ್ಕೊಮ್ಮೆ ಗಡಿ ಬದಲಾಗುತ್ತದೆ, 338 ಇದ್ದ ಸ್ಥಾನಗಳು 343 ಆದವು, ಒಂದು ಕ್ಷೇತ್ರಕ್ಕೆ ಸರಾಸರಿ ಲಕ್ಷದ ಮೇಲೆ ಸ್ವಲ್ಪ ಜನ. ಅಷ್ಟು ಜನರ ನಡುವೆ ಒಂದು ಬಡಾವಣೆಯ ದೂರನ್ನೂ ಅಭ್ಯರ್ಥಿ ಅಲಕ್ಷಿಸಲಾರ. ಇಲ್ಲಿ ಇಡೀ ಜೋಯಿಡಾ ಮುನಿದರೂ ಫಲಿತಾಂಶ ಅಲುಗುವುದಿಲ್ಲ.

ಆದರೂ ಈ ನೆಲಕ್ಕೆ ಬೇರೆ ನೆನಪುಗಳಿವೆ. ರೈತರ ಪರ ಹೋರಾಡಿದ ದಿನಕರ ದೇಸಾಯಿ 1967ರಲ್ಲಿ ಪಕ್ಷೇತರರಾಗಿ ಇಲ್ಲಿಂದಲೇ ಲೋಕಸಭೆಗೆ ಹೋದರು. 1989ರಲ್ಲಿ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸುತ್ತ, ಪರಿಸರದ ಪ್ರಶ್ನೆ ಹಿಡಿದು ಸ್ಪರ್ಧಿಸಿದರು. ಸೋತರು, ಆದರೆ ಪ್ರಶ್ನೆ ಮತದಾರನ ಮನೆಬಾಗಿಲಿಗೆ ಬಂತು.

ಲೋಕಸಭಾ ಸದಸ್ಯರು ಪ್ರಶ್ನೆ ಕೇಳಬಹುದು, ಖಾಸಗಿ ಮಸೂದೆ ಮಂಡಿಸಬಹುದು. 2029ಕ್ಕೆ ಯಾವ ಪಕ್ಷದ ಹುರಿಯಾಳೇ ಬರಲಿ, ಜೋಯಿಡಾದ ಸಂತೆಯಲ್ಲಿ ನಿಂತು ಕುಣಬಿಗಳ ಮಸೂದೆಯನ್ನು ಯಾವ ಅಧಿವೇಶನದಲ್ಲಿ ಮಂಡಿಸುವಿರೆಂಬ ಪ್ರಶ್ನೆಗೆ ದಿನಾಂಕ ಸಹಿತ ಉತ್ತರ ಬರೆದುಕೊಡಲಿ. ಆ ಕಾಗದದ ಒಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇರಲಿ.