ಕಡತಕ್ಕೊಂದು ಮನೆ: ಕನ್ನಡ ವಿಭಾಗಗಳ ಸ್ವಂತ ಸರ್ವರ್ ಕುರಿತು

‘ಕಡತ’ ಎಂಬ ಪದ ಕನ್ನಡದಲ್ಲಿ ನಡೆದು ಬಂದ ದಾರಿ ಕುತೂಹಲಕರವಾದುದು. ಹುಣಸೆಬೀಜದ ಅಂಟಿಗೆ ಇದ್ದಿಲು ಬೆರೆಸಿ ಅರಿವೆಗೆ ಬಳಿದು, ಒಣಗಿಸಿ, ಮಡಿಕೆಗಳಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕವೇ ಮೂಲದ ಕಡತ. ಆಮೇಲೆ ಅದು ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಹೆಸರಾಯಿತು. ಈಗ ಗಣಕದೊಳಗಿನ ಫೈಲಿಗೂ ನಾವು ಅದೇ ಪದವನ್ನು ಬಳಸುತ್ತಿದ್ದೇವೆ. ಹಳೆಯ ಕಡತದ ಒಂದು ಗುಣ ಹೊಸ ಕಡತಕ್ಕೂ ಇಳಿದು ಬಂದಿದೆ. ಒರೆಸಿದರೆ ಅಳಿಸಿಹೋಗುತ್ತದೆ, ಅದರ ಮೇಲೆಯೇ ಮತ್ತೊಂದನ್ನು ಬರೆಯಬಹುದು. ಹಸ್ತಪ್ರತಿ ಶಾಸ್ತ್ರವನ್ನು ಪಾಠ ಹೇಳುವ ನಮ್ಮ ವಿಭಾಗಗಳು ಈ ಅಪಾಯವನ್ನು ಇನ್ನೂ ತಮ್ಮ ಶಾಸ್ತ್ರದ ಸಮಸ್ಯೆಯೆಂದು ಭಾವಿಸಿಲ್ಲ ಎಂಬುದು ಈ ಬರಹದ ಆಕ್ಷೇಪ.

ಮೂರು ವರ್ಷಗಳ ಹಿಂದೆ ಕ್ಷೇತ್ರಕಾರ್ಯಕ್ಕಾಗಿ ತಾಳಿಕೋಟೆಗೆ ಹೋಗಿದ್ದೆ. ಡೋಣಿ ಹೊಳೆಗೆ ಸಮೀಪದ ಒಂದು ಹಳೆಯ ಮನೆಯಲ್ಲಿ ವಚನಗಳ ಓಲೆಕಟ್ಟು ಇದೆಯೆಂದು ತಿಳಿದಿತ್ತು. ಮನೆಯ ಹಿರಿಯರು ಮಾಡದಿಂದ ತೆಗೆದು ಕೊಟ್ಟ ಅರಿವೆಗಂಟಿನಲ್ಲಿ ಉಳಿದಿದ್ದುದು 31 ಗರಿ. ಉಳಿದುದೆಲ್ಲ ಗೆದ್ದಲಿನ ಪಾಲಾಗಿತ್ತು. ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು: “ಚಿಂತಿ ಮಾಡಬ್ಯಾಡ್ರೀ ಸರ, ಹಿಂದ ಬಂದವ್ರು ಎಲ್ಲಾ ಫೋಟೋ ಹೊಡ್ಕೊಂಡು ಹೋಗ್ಯಾರ. ಅಲ್ಲಿ ಕೇಳ್ರಿ, ಪೂರಾ ಐತಿ.” ಕೇಳಲು ಹೋದೆ. ಸಂಸ್ಥೆಯ ಹೆಸರು ಇಲ್ಲಿ ಅಗತ್ಯವಿಲ್ಲ. ಯಾವ ಸಂಸ್ಥೆಯಲ್ಲಾದರೂ ನಡೆಯಬಹುದಾದುದೇ ಅಲ್ಲಿಯೂ ನಡೆದಿತ್ತು. ಕಪಾಟಿನಲ್ಲಿದ್ದ ಸಿಡಿಯನ್ನು ಯಾವ ಗಣಕವೂ ಓದಲಿಲ್ಲ. ಚಿತ್ರಗಳನ್ನು ಇಳಿಸಿಟ್ಟುಕೊಂಡಿದ್ದ ಗಣಕ ಹಳೆಯ ಸಾಮಾನಿನೊಂದಿಗೆ ವಿಲೇವಾರಿಯಾಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತರಾಗಿದ್ದರು. ಕೊನೆಗೆ ಸಿಕ್ಕಿದ್ದು ಹಿಂದಿನ ಸಂಶೋಧಕರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೋ ಕಳಿಸಿದ್ದ ಕೆಲವು ಚಿತ್ರಗಳು. ಅವು ಎಷ್ಟು ಕುಗ್ಗಿದ್ದವೆಂದರೆ ಅಕ್ಷರದ ಪಕ್ಕ ಕಾಣುವುದು ಅನುಸ್ವಾರದ ಸೊನ್ನೆಯೋ ಹುಳು ಕೊರೆದ ತೂತೋ ಎಂಬುದನ್ನು ನಿರ್ಧರಿಸುವಂತಿರಲಿಲ್ಲ.

ಇಲ್ಲಿ ಪ್ರತಿ ನಷ್ಟವಾದುದಕ್ಕೆ ಗೆದ್ದಲನ್ನು ದೂರಬಹುದು. ಪ್ರತಿಯ ಪ್ರತಿ ನಷ್ಟವಾದುದಕ್ಕೆ ಯಾರನ್ನು ದೂರುವುದು?

ಒಂದು ಸಣ್ಣ ಲೆಕ್ಕವನ್ನು ನೋಡಬಹುದು. 18 ಅಂಗುಲ ಉದ್ದ, ಒಂದೂವರೆ ಅಂಗುಲ ಅಗಲದ ಗರಿಯ ಒಂದು ಮಗ್ಗುಲನ್ನು ಅಂಗುಲಕ್ಕೆ 600 ಬಿಂದುಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಕುಗ್ಗಿಸದೆ ಇಟ್ಟರೆ ಸುಮಾರು 29 ಎಂಬಿ ಆಗುತ್ತದೆ. 120 ಗರಿಗಳ ಕಟ್ಟಿನ ಎರಡೂ ಮಗ್ಗುಲು ಸೇರಿದರೆ ಸುಮಾರು 7 ಜಿಬಿ. 700 ಎಂಬಿಯ ಸಿಡಿಗಳ ಕಾಲದಲ್ಲಿ ಒಂದು ಕಟ್ಟಿಗೆ ಹತ್ತು ಸಿಡಿ ಬೇಕಾಗುತ್ತಿತ್ತು. ಆದ್ದರಿಂದಲೇ ಒಂದರಲ್ಲಿ ಹಿಡಿಸಲೆಂದು ಚಿತ್ರಗಳನ್ನು ಕುಗ್ಗಿಸುತ್ತಿದ್ದರು. ಇಂದು 2 ಟಿಬಿಯ ಒಂದು ಡಿಸ್ಕಿನಲ್ಲಿ ಇಂಥ 280 ಕಟ್ಟುಗಳು ಹಿಡಿಯುತ್ತವೆ. ವಿಭಾಗದೊಳಗಿನ ಸಾಮಾನ್ಯ 100 ಎಂಬಿಪಿಎಸ್ ಜಾಲದಲ್ಲಿ ಒಂದು ಕಟ್ಟು ಒಂದು ಗಣಕದಿಂದ ಇನ್ನೊಂದಕ್ಕೆ ಹೋಗಲು ಹತ್ತು ನಿಮಿಷದ ಆಸುಪಾಸು ಸಾಕು. ಹಣವಿಲ್ಲ, ಸ್ಥಳವಿಲ್ಲ ಎಂಬ ಹಳೆಯ ಸಮರ್ಥನೆಗಳು ಈಗ ನಿಲ್ಲುವುದಿಲ್ಲ.

ಗೂಗಲ್ ಡ್ರೈವ್ ಇರುವಾಗ ಈ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಶಿಕ್ಷಣಸಂಸ್ಥೆಗಳಿಗೆ ಮಿತಿಯಿಲ್ಲದ ಸ್ಥಳವೆಂದು ಕೊಟ್ಟುದನ್ನು ಆ ಕಂಪನಿ 2021ರಲ್ಲಿ ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿ ಸಂಸ್ಥೆಯೊಂದಕ್ಕೆ 100 ಟಿಬಿಯ ಮಿತಿ ಹಾಕಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು 2023ರ ಡಿಸೆಂಬರ್‌ನಿಂದ ಅಳಿಸತೊಡಗಿತು. ಅದು ಅವರ ಮನೆ, ನಿಯಮವೂ ಅವರದು. ಹಸ್ತಪ್ರತಿಗೆ ಎರಡು ವರ್ಷ ಯಾರೂ ಮುಟ್ಟದೆ ಇರುವುದು ಸಹಜ ಸ್ಥಿತಿ.

ಕಡತಗಳನ್ನು ಜಾಲದ ಮೂಲಕ ಸಾಗಿಸುವ ವಿದ್ಯೆ ಹೊಸತೇನಲ್ಲ. ಎಫ್‌ಟಿಪಿ ಎಂಬ ಸಾಗಣೆಯ ನಿಯಮಾವಳಿಯ ಮೊದಲ ರೂಪವನ್ನು 1971ರಲ್ಲಿ ಬರೆದವರು ಕಾನ್ಪುರ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋಗಿದ್ದ ಅಭಯ್ ಭೂಷಣ್. ಅದರ 1985ರ ಪರಿಷ್ಕೃತ ರೂಪದಲ್ಲಿ ನಮ್ಮ ಶಾಸ್ತ್ರದವರಿಗೆ ಥಟ್ಟನೆ ಅರ್ಥವಾಗುವ ಒಂದು ವ್ಯವಸ್ಥೆಯಿದೆ. ಕಡತವನ್ನು ಎರಡು ರೀತಿಯಲ್ಲಿ ಕಳಿಸಬಹುದು. ‘ಪಠ್ಯ’ ರೀತಿಯಲ್ಲಿ ಕಳಿಸಿದರೆ ಸಾಲು ಮುಗಿಯುವ ಗುರುತನ್ನು ಮುಟ್ಟುವ ಊರಿನ ರೂಢಿಗೆ ತಕ್ಕಂತೆ ಬದಲಿಸಲಾಗುತ್ತದೆ. ವಿಂಡೋಸ್ ಗಣಕದಲ್ಲಿ ಆ ಗುರುತಿಗೆ ಎರಡು ಬೈಟ್, ಲಿನಕ್ಸ್‌ನಲ್ಲಿ ಒಂದು. ‘ಬೈನರಿ’ ರೀತಿಯಲ್ಲಿ ಕಳಿಸಿದರೆ ಇದ್ದುದು ಇದ್ದ ಹಾಗೆಯೇ ಹೋಗುತ್ತದೆ. ಬೇರೆ ಹೇಳದಿದ್ದರೆ ಪಠ್ಯ ರೀತಿಯೇ ನಿಯಮ. ಅದರಲ್ಲಿ ಕಳಿಸಿದ ಸ್ಕ್ಯಾನ್ ಚಿತ್ರ ಕೆಟ್ಟುಹೋಗುತ್ತದೆ, ಏಕೆಂದರೆ ಚಿತ್ರದೊಳಗೆ ಆಕಸ್ಮಿಕವಾಗಿ ಬಂದ ಅದೇ ಬೈಟ್‌ಗಳನ್ನೂ ಯಂತ್ರ ‘ತಿದ್ದಿ’ಬಿಡುತ್ತದೆ. ತನ್ನ ಸೀಮೆಯ ನುಡಿಗೆ ಹೊಂದಿಸಿ ಬರೆದ ಲಿಪಿಕಾರ, ಅರ್ಥವಾಗದಿದ್ದರೂ ಇದ್ದುದನ್ನೇ ಬಿಡಿಸಿಟ್ಟ ಲಿಪಿಕಾರ: ಡಿ.ಎಲ್. ನರಸಿಂಹಾಚಾರ್ಯರ ಗ್ರಂಥಸಂಪಾದನೆಯನ್ನಾಗಲಿ, ಸಿಂದಗಿ ಸೀಮೆಯಿಂದಲೇ ಬಂದ ಎಂ.ಎಂ. ಕಲಬುರ್ಗಿಯವರ ಸಂಪಾದನಶಾಸ್ತ್ರವನ್ನಾಗಲಿ ಓದಿದವರಿಗೆ ಈ ಇಬ್ಬರೂ ಪರಿಚಿತರೇ. ಎರಡನೆಯವನೇ ನಮಗೆ ಹೆಚ್ಚು ಪ್ರಿಯ.

ಆದರೆ ಹಳೆಯ ಎಫ್‌ಟಿಪಿಯನ್ನು ಈಗ ಹಾಗೆಯೇ ಬಳಸುವಂತಿಲ್ಲ. ಅದು ಗುಪ್ತಪದವನ್ನು ಬಯಲಲ್ಲೇ ಕಳಿಸುತ್ತದೆ. 2021ರಲ್ಲಿ ಕ್ರೋಮ್, ಫೈರ್‌ಫಾಕ್ಸ್ ಎರಡೂ ಅದಕ್ಕಿದ್ದ ಬೆಂಬಲವನ್ನು ಕೈಬಿಟ್ಟವು. ಹೊರಗಿನವರೊಡನೆ ಹಂಚಿಕೊಳ್ಳಲು ಗೂಢಲಿಪೀಕರಣವಿರುವ ಎಸ್‌ಎಫ್‌ಟಿಪಿ ಯೋಗ್ಯ. ವಿಭಾಗದೊಳಗಿನ ಹಂಚಿಕೆಗೆ ಸಾಂಬಾ ತಂತ್ರಾಂಶ ಸಾಕು. ಲಿನಕ್ಸ್ ಗಣಕದಲ್ಲಿ ಅದನ್ನು ಹಾಕಿದರೆ ಅಧ್ಯಾಪಕರ ಕೋಣೆಯ ವಿಂಡೋಸ್ ಗಣಕದಲ್ಲಿ ಸರ್ವರಿನ ಕಡತಕೋಶಗಳು ತನ್ನದೇ ಡಿಸ್ಕಿನವೇನೋ ಎಂಬಂತೆ ಕಾಣುತ್ತವೆ. ಅದನ್ನು 1992ರ ಸುಮಾರಿಗೆ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟವರು ಆ್ಯಂಡ್ರೂ ಟ್ರಿಜೆಲ್, ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಆಗ ಪಿಎಚ್.ಡಿ. ವಿದ್ಯಾರ್ಥಿ. ಸಂಶೋಧನ ವಿದ್ಯಾರ್ಥಿಗಳು ಪ್ರಬಂಧದ ಹೊರಗೆ ಏನನ್ನೂ ಮಾಡಬಾರದೆನ್ನುವ ಮಾರ್ಗದರ್ಶಕರ ಗಮನಕ್ಕೆ ಇದನ್ನು ತರಬಯಸುತ್ತೇನೆ.

ಸರ್ವರಿಗೆ ಬೇಕಾದುದು ದೊಡ್ಡ ಯಂತ್ರವಲ್ಲ. ಪಕ್ಕಕ್ಕಿಟ್ಟ ಒಂದು ಗಣಕ, ಒಂದರ ಪ್ರತಿ ಇನ್ನೊಂದರಲ್ಲಿ ತಾನಾಗಿ ಏಳುವಂತೆ ಜೋಡಿಸಿದ ಎರಡು ಡಿಸ್ಕು, ವಿದ್ಯುತ್ತು ಹೋದಾಗ ಕಾಯುವ ಒಂದು ಯುಪಿಎಸ್, ಬದಲಾಗದ ಒಂದು ಐಪಿ ವಿಳಾಸ. ಯಂತ್ರಕ್ಕಿಂತ ಮುಖ್ಯವಾದುದು ಅನುಮತಿಯ ವ್ಯವಸ್ಥೆ. ಮೂಲಚಿತ್ರಗಳ ಕೋಶವನ್ನು ಎಲ್ಲರೂ ಓದಬಹುದು, ಯಾರೂ ಬರೆಯುವಂತಿಲ್ಲ. ವಿಭಾಗದ ಮುಖ್ಯಸ್ಥರೂ ಇದಕ್ಕೆ ಹೊರತಲ್ಲ. ಲಿಪ್ಯಂತರ, ಪಾಠಾಂತರಗಳ ಕೆಲಸಕ್ಕೆ ಬೇರೆ ಕೋಶ. ಪ್ರತಿಯೊಂದು ಮೂಲಚಿತ್ರಕ್ಕೂ ಅದರ ಬೈಟ್‌ಗಳಿಂದ ಲೆಕ್ಕಹಾಕಿದ 64 ಅಂಕಾಕ್ಷರಗಳ ಒಂದು ಮುದ್ರೆಯನ್ನು ಬರೆದಿಡಬೇಕು. ಮುಂದೆ ಒಂದೇ ಒಂದು ಬೈಟ್ ಬದಲಾದರೂ ಹೊಸ ಲೆಕ್ಕ ಹಳೆಯದಕ್ಕೆ ತಾಳೆಯಾಗುವುದಿಲ್ಲ. ಓಲೆಗರಿಯ ಕಾಲದ ವಿದ್ವಾಂಸರಿಗೆ ಈ ಭಾಗ್ಯವಿರಲಿಲ್ಲ.

ಕಡತಕ್ಕೆ ಹೆಸರಿಡುವ ವಿಷಯದಲ್ಲಿ ನಾವು ಅತ್ಯಂತ ಉದಾಸೀನರು. ‘ಹೊಸದು’, ‘ಹೊಸದು2’, ‘ಅಂತಿಮ’, ‘ಅಂತಿಮ ಸರಿ’ ಎಂಬ ಹೆಸರುಗಳು ಯಾವ ಸಂಶೋಧಕರ ಪೆನ್‌ಡ್ರೈವ್‌ನಲ್ಲಿಲ್ಲ? ಕನ್ನಡ ಲಿಪಿಯಲ್ಲಿ ಹೆಸರಿಟ್ಟರೂ ತೊಡಕು ತಪ್ಪುವುದಿಲ್ಲ. ‘ತಾಳಿಕೋಟೆ’ ಎಂಬ ಪದ ಯುನಿಕೋಡ್‌ನಲ್ಲಿ 8 ಸಂಕೇತಗಳು. ಆದರೆ ‘ಕೋ’ದಲ್ಲಿರುವ ಓತ್ವವನ್ನು ಒಂದೇ ಸಂಕೇತವಾಗಿಯೂ, ಮೂರು ತುಂಡುಗಳಾಗಿ ಒಡೆದೂ ಬರೆಯಬಹುದು, ಆಗ ಅದೇ ಪದ 10 ಸಂಕೇತಗಳಾಗುತ್ತದೆ. ಮ್ಯಾಕ್ ಗಣಕಗಳ ಹಳೆಯ ಕಡತವ್ಯವಸ್ಥೆ ಹೆಸರುಗಳನ್ನು ಹೀಗೆ ಒಡೆದೇ ಇಡುತ್ತಿತ್ತು. ಅದನ್ನು ಲಿನಕ್ಸ್ ಸರ್ವರಿಗೆ ಹಾಗೆಯೇ ಸಾಗಿಸಿದರೆ ಒಂದೇ ಕೋಶದಲ್ಲಿ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ‘ತಾಳಿಕೋಟೆ’ಗಳು ಕೂರುತ್ತವೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದಿರಬಹುದು. ಲಿನಕ್ಸ್‌ನಲ್ಲಿ ಕಡತದ ಹೆಸರಿಗೆ 255 ಬೈಟ್‌ಗಳ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ 85 ಸಂಕೇತಗಳಿಗೆ ಹೆಸರು ಮುಗಿಯುತ್ತದೆ. ನಮ್ಮ ಪ್ರಬಂಧಗಳ ಶೀರ್ಷಿಕೆಗಳ ಉದ್ದ ಬಲ್ಲವರಿಗೆ ಇದು ಕಡಿಮೆಯೇ.

ಯಂತ್ರ ಬಗೆಹರಿಸಲಾರದ ತೊಡಕು ಇನ್ನೊಂದಿದೆ. 1565ರ ಜನವರಿಯ ಕಾಳಗಕ್ಕೆ ತಾಳಿಕೋಟೆಯ ಹೆಸರು ಬಂದುದು ಸುಲ್ತಾನರ ಸೈನ್ಯ ಇಲ್ಲಿ ನೆರೆದಿತ್ತೆಂಬ ಕಾರಣಕ್ಕೆ. ಯುದ್ಧ ನಡೆದುದು ಕೃಷ್ಣೆಯ ಬಳಿ, ರಕ್ಕಸಗಿ-ತಂಗಡಗಿ ಎಂದೂ ಅದನ್ನು ಕರೆಯುತ್ತಾರೆ. 2014ರ ನವೆಂಬರ್ 1ರಿಂದ ಬಿಜಾಪುರ ವಿಜಯಪುರವಾಯಿತು. ಯಾವ ಹೆಸರಿನಲ್ಲಿ ಇಟ್ಟಿದ್ದೇವೆ, ಬೇರೆ ಹೆಸರುಗಳೇನು ಎಂಬ ಪಟ್ಟಿಯನ್ನು ಮಾಡಬೇಕಾದವರು ತಂತ್ರಜ್ಞರಲ್ಲ, ನಾವು. ನುಡಿಯ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ಪಠ್ಯಗಳನ್ನು ಯುನಿಕೋಡ್‌ಗೆ ತರುವಾಗ ಒತ್ತಕ್ಷರ, ಅರ್ಕಾವೊತ್ತುಗಳು ಸ್ಥಾನಪಲ್ಲಟವಾಗಿವೆಯೇ ಎಂದು ಕಣ್ಣಿಟ್ಟು ನೋಡಬೇಕಾದವರೂ ನಾವೇ.

ಇಷ್ಟಾದರೂ ಮುಖ್ಯ ತಡೆ ತಾಂತ್ರಿಕವಾದುದಲ್ಲ ಎಂದೇ ನನ್ನ ಅನಿಸಿಕೆ. ತನಗೆ ಸಿಕ್ಕ ಪ್ರತಿಯನ್ನು ಪದವಿ ಕೈಸೇರುವವರೆಗೆ ಬಚ್ಚಿಡುವುದು ನಮ್ಮಲ್ಲಿ ಯಾರೂ ಬರೆಯದ ನಿಯಮ. ನಾನೂ ಇದಕ್ಕೆ ಹೊರತಾಗಿರಲಿಲ್ಲ. ಆ 31 ಗರಿಗಳ ಚಿತ್ರಗಳನ್ನು ಎಂಟು ತಿಂಗಳು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇಟ್ಟುಕೊಂಡಿದ್ದೆ. ಬೇರೆಯವರು ಮೊದಲು ಪ್ರಕಟಿಸಿಬಿಟ್ಟಾರು ಎಂಬ ಭಯ ಸುಳ್ಳಲ್ಲ. ಆದರೆ ಅದಕ್ಕೆ ಉತ್ತರ ಬಚ್ಚಿಡುವುದಲ್ಲ. ಸರ್ವರಿನಲ್ಲಿ ಒಂದು ಕೋಶವನ್ನು ನಿಗದಿತ ಅವಧಿಯವರೆಗೆ ಒಬ್ಬ ಸಂಶೋಧಕ ಮತ್ತು ಮಾರ್ಗದರ್ಶಕರಿಗೆ ಮಾತ್ರ ತೆರೆದಿಡಬಹುದು. ಯಾರು ಎಂದು ತಂದಿಟ್ಟರೆಂಬ ದಾಖಲೆಯೂ ಅಲ್ಲಿರುತ್ತದೆ. ಪ್ರತಿ ಕೊಟ್ಟ ಮನೆಯವರ, ಮಠದವರ ಷರತ್ತುಗಳನ್ನೂ ಹೀಗೆಯೇ ಪಾಲಿಸಬಹುದು. ಗುಪ್ತಪದ ಒಬ್ಬರ ನೆನಪಿನಲ್ಲಷ್ಟೇ ಇರದೆ ಮೊಹರು ಮಾಡಿದ ಲಕೋಟೆಯಲ್ಲಿ ವಿಭಾಗದ ಬೀರುವಿನಲ್ಲಿರಬೇಕು.

ಬಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಇದೇ ಸೀಮೆಯ ಮನೆಮನೆಗಳಿಂದ ವಚನದ ಕಟ್ಟುಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ತಂದರು. ಪರರ ಮುದ್ರಣಾಲಯಗಳನ್ನು ನಂಬಿ ಕುಳಿತರೆ ಕೆಲಸ ಸಾಗದೆಂದು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತಾವೇ ಹಾಕಿದರು, ಮರುವರ್ಷ ‘ಶಿವಾನುಭವ’ವನ್ನು ಆರಂಭಿಸಿದರು. ಅಂದಿನ ಅಚ್ಚಿನ ಯಂತ್ರಕ್ಕೆ ತಗುಲಿದ ವೆಚ್ಚ, ಪಟ್ಟ ಪಾಡಿನ ಮುಂದೆ ಇಂದಿನ ಕಡತ ಸರ್ವರಿನ ಪಾಡು ಏನೂ ಅಲ್ಲ.

ಆ 31 ಗರಿಗಳ 62 ಚಿತ್ರಗಳು ಈಗ ಎರಡು ಊರುಗಳಲ್ಲಿ, ಎರಡು ಸರ್ವರುಗಳಲ್ಲಿ ಇವೆ. ಪ್ರತಿ ತಿಂಗಳ ಮೊದಲ ಸೋಮವಾರ ಮುದ್ರೆಗಳನ್ನು ತಾಳೆ ನೋಡುತ್ತೇವೆ. ಕಳೆದ ದಸರೆಗೆ ಮುದ್ರಿತ ಚಿತ್ರಗಳ ಒಂದು ಪ್ರತಿಯನ್ನು ತಾಳಿಕೋಟೆಯ ಹಿರಿಯರಿಗೆ ಕೊಟ್ಟು ಬಂದೆ. ಅವರು ಕನ್ನಡಕ ಹಾಕಿಕೊಂಡು ಕಡೆಯ ಹಾಳೆಯವರೆಗೆ ತಿರುವಿ ಹಾಕಿ, “ಉಳಿದವು?” ಎಂದರು.