ಹಿಂದಿನ ಸಾಲಿನವನಿಗೆ ಹಾಡಲು ಬಾರದೆ?

ಪಾಶ್ಚಾತ್ಯ ವಾದ್ಯವೃಂದದ ಕಛೇರಿಗೆ ನಮ್ಮ ಗಡಿನಾಡಿನ ಸಂಚಿಕೆಯಲ್ಲಿ ಏನು ಕೆಲಸ ಎಂದು ಕೇಳುವವರಿದ್ದಾರೆ. ಕೇಳಲಿ. ಅಲ್ಲಿಯೂ ಮುಂದಿನ ಸಾಲು, ಹಿಂದಿನ ಸಾಲು ಎಂಬುದಿದೆ. ಹಿಂದಿನವನನ್ನು ಹಿಂದೆಯೇ ನಿಲ್ಲಿಸಲು ಹೇಳುವ ನೆಪಗಳೂ ಇವೆ. ಅಂಥ ನೆಪಗಳ ಪರಿಚಯ ನಮಗೆ ಚೆನ್ನಾಗಿಯೇ ಇದೆ.

ದೊಡ್ಡ ಸಿಂಫನಿ ವಾದ್ಯವೃಂದದಲ್ಲಿ ಅರುವತ್ತೋ ಎಂಬತ್ತೋ ಮಂದಿ ಇರುತ್ತಾರೆ. ಎದುರಿಗೆ ಪಿಟೀಲಿನವರು. ಹಿಂದೆ ಒಂದು ಬದಿಯಲ್ಲಿ, ಆಳೆತ್ತರದ ಪಿಟೀಲಿನಂಥ ವಾದ್ಯವನ್ನು ಮೈಗೆ ಆನಿಸಿಕೊಂಡವರು ಡಬಲ್ ಬೇಸ್ ವಾದಕರು. ಬರೆದ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುವ ಈ ವಾದ್ಯ ಇಡೀ ವೃಂದದ ತಳಪಾಯ. ಕೋಲು ಹಿಡಿದು ಎಲ್ಲರನ್ನೂ ನಡೆಸುವವನು ಕಂಡಕ್ಟರ್. ಬಸ್ಸಿನವನಲ್ಲ, ನಮ್ಮ ಭಾಗವತರ ಸ್ಥಾನದವನು. ಪರವೂರಿನಿಂದ ಅತಿಥಿಯಾಗಿ ಬರುವ ಕಂಡಕ್ಟರ್ ಕೆಲವು ದಿನ ಅಭ್ಯಾಸ ಮಾಡಿಸಿ, ಕಛೇರಿ ನಡೆಸಿ, ಹೂಗುಚ್ಛ ಪಡೆದು ಹೋಗುತ್ತಾನೆ. ಭಿತ್ತಿಪತ್ರದಲ್ಲಿ ಅವನ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ. ಅವನ ಪಕ್ಕದಲ್ಲಿ ಏಕವಾದನಕ್ಕೆ ನಿಲ್ಲುವವರು ಸಾಮಾನ್ಯವಾಗಿ ಪಿಯಾನೋದವರು ಅಥವಾ ಪಿಟೀಲಿನವರು. ಡಬಲ್ ಬೇಸಿನವನಿಗೆ ಆ ಜಾಗ ಸಿಗುವುದು ಅಪರೂಪ. ಸಿಕ್ಕಿದರೂ ಜನ ಅದನ್ನು ಸರ್ಕಸ್ಸಿನ ಆಟದಂತೆ ನೋಡುತ್ತಾರೆ.

ಏಕೆ ಹೀಗೆ ಎಂದರೆ ಮೂರು ಉತ್ತರ ಸಿದ್ಧವಾಗಿವೆ: ಕೃತಿಗಳಿಲ್ಲ, ಕೇಳಿಸುವುದಿಲ್ಲ, ಜನ ಬರುವುದಿಲ್ಲ.

ಕೃತಿಗಳಿಲ್ಲವೆ? 1761ರಲ್ಲಿಯೇ ಹೇಡನ್ ತನ್ನ 6, 7, 8ನೆಯ ಸಿಂಫನಿಗಳಲ್ಲಿ ಡಬಲ್ ಬೇಸಿಗೆ ಒಂಟಿಯಾಗಿ ಹಾಡುವ ಭಾಗ ಕೊಟ್ಟ. ಡಿಟರ್ಸ್‌ಡಾರ್ಫ್, ವಾನ್ಹಾಲ್ ಮುಂತಾದವರು ಅದೇ ಶತಮಾನದಲ್ಲಿ ಇದಕ್ಕೆಂದೇ ಕಂಚೆರ್ಟೊಗಳನ್ನು ರಚಿಸಿದರು. ಹೇಡನ್ ಬರೆದ ಕಂಚೆರ್ಟೊ ಕಳೆದುಹೋಯಿತು. ಮೊಜಾರ್ಟ್ 1791ರಲ್ಲಿ ಗಾಯಕನೊಬ್ಬನಿಗೆ ಸರಿಸಮನಾಗಿ ಈ ವಾದ್ಯವನ್ನು ನಿಲ್ಲಿಸಿದ. ಇವು ಹೆಚ್ಚಿನವರಿಗೆ ನೆನಪಿಲ್ಲ. ನೆನಪಿರುವುದು 1886ರಲ್ಲಿ ಸ್ಯಾನ್-ಸಾನ್ಸ್ ತಮಾಷೆಗೆಂದು ಇದರಲ್ಲಿ ಆನೆಯನ್ನು ಕುಣಿಸಿದ್ದು! ಕೃತಿಯಿಲ್ಲವೆಂದು ನುಡಿಸುವುದಿಲ್ಲ, ನುಡಿಸುವುದಿಲ್ಲವೆಂದು ಯಾರೂ ಬರೆಯುವುದಿಲ್ಲ. ದಿನವಿಡೀ ಲೆಕ್ಕ ಬರೆಯುವ ನನಗೆ ಈ ಲೆಕ್ಕ ಮಾತ್ರ ತಾಳೆಯಾಗುವುದಿಲ್ಲ.

ಕೇಳಿಸುವುದಿಲ್ಲ ಎಂಬುದು ಅರ್ಧ ಸತ್ಯ. ತಗ್ಗಿನ ಸ್ವರವನ್ನು ಉಳಿದ ವಾದ್ಯಗಳು ಬೇಗ ಮುಚ್ಚಿಬಿಡುತ್ತವೆ. ಆದರೆ ಪರಿಹಾರ ಹಳೆಯದೇ. ಏಕವಾದಕರು ತೆಳುವಾದ ತಂತಿ ಕಟ್ಟಿ ಶ್ರುತಿಯನ್ನು ಒಂದು ಸ್ವರದಷ್ಟು ಏರಿಸುತ್ತಾರೆ. ಉಳಿದದ್ದು ಕೋಲು ಹಿಡಿದವನ ಹೊಣೆ. ಎಂಬತ್ತು ಮಂದಿಯಿಂದ ಗದ್ದಲ ಎಬ್ಬಿಸುವುದು ಸುಲಭ. ಒಬ್ಬನ ಮೆಲುದನಿ ಕೇಳುವಂತೆ ಅವರೆಲ್ಲರನ್ನು ತಗ್ಗಿಸಿ ಹಿಡಿಯುವುದು ಕಷ್ಟ. ಕೇಳಿಸಲಿಲ್ಲವೆಂದರೆ ಮೊದಲು ಅತಿಥಿಯನ್ನು ಕೇಳಿ, ವಾದ್ಯವನ್ನು ದೂರಬೇಡಿ.

ಜನ ಬರುವುದಿಲ್ಲ ಎಂಬವರಿಗೆ ಬೊಟ್ಟೆಸಿನಿಯ ಕತೆ ಉತ್ತರ. ಇಟಲಿಯ ಈ ಬಡ ಹುಡುಗ 1835ರಲ್ಲಿ ಮಿಲಾನಿನ ಸಂಗೀತ ಶಾಲೆಗೆ ಹೋದಾಗ ವಿದ್ಯಾರ್ಥಿವೇತನದ ಎರಡೇ ಸ್ಥಾನ ಉಳಿದಿದ್ದವು: ಒಂದು ಬಸೂನಿಗೆ, ಇನ್ನೊಂದು ಡಬಲ್ ಬೇಸಿಗೆ. ಯಾರಿಗೂ ಬೇಡವಾಗಿ ಉಳಿದದ್ದನ್ನು ಅವನು ಹಿಡಿದ. ಹವಾನಾ, ಲಂಡನ್ ಎಂದು ದೇಶ ಸುತ್ತಿ, ಜನರಿಂದ ಡಬಲ್ ಬೇಸಿನ ಪಗನಿನಿ ಎನ್ನಿಸಿಕೊಂಡ. 1871ರ ಡಿಸೆಂಬರ್ 24ರಂದು ಕೈರೋದಲ್ಲಿ ವೆರ್ದಿಯ ‘ಐದಾ’ ಮೊದಲ ಬಾರಿ ರಂಗಕ್ಕೇರಿದಾಗ ಕೋಲು ಹಿಡಿದವನೂ ಅವನೇ.

ರಷ್ಯದ ಕುಸೆವಿಟ್ಸ್ಕಿ ಯೆಹೂದಿ. ಯೆಹೂದಿಗಳಿಗೆ ಮಾಸ್ಕೋದಲ್ಲಿ ನೆಲೆಸಲು ನಿರ್ಬಂಧವಿದ್ದ ಕಾಲ. ಅಲ್ಲಿ ಕಲಿಯಲು ಆತ ಮತವನ್ನೇ ಬದಲಿಸಬೇಕಾಯಿತು. ಅವನಿಗೂ ದಕ್ಕಿದ ವಾದ್ಯ ಡಬಲ್ ಬೇಸ್. 1905ರಲ್ಲಿ ಮಾಸ್ಕೋದಲ್ಲಿ ತನ್ನದೇ ಕಂಚೆರ್ಟೊ ನುಡಿಸಿದ. ಮುಂದೆ 1924ರಿಂದ 1949ರ ತನಕ ಬೋಸ್ಟನ್ ವೃಂದದ ಕಂಡಕ್ಟರ್ ಆದ. ಅವನ ಕೋರಿಕೆಯಂತೆ ಬಾರ್ತೋಕ್ ಬರೆದ, 1944ರಲ್ಲಿ ಮೊದಲು ಕೇಳಿಸಿದ ‘ಕಂಚೆರ್ಟೊ ಫಾರ್ ಆರ್ಕೆಸ್ಟ್ರಾ’ದಲ್ಲಿ ಏಕವಾದಕ ಒಬ್ಬನಲ್ಲ, ಇಡೀ ವೃಂದವೇ ಸರದಿಯಂತೆ ಮುಂದೆ ಬರುತ್ತದೆ. ಅದು ಆರಂಭವಾಗುವುದು ಚೆಲ್ಲೋ, ಡಬಲ್ ಬೇಸುಗಳ ತಗ್ಗುದನಿಯಿಂದ. ಹಿಂದೆ ನಿಂತು ಬಲ್ಲವನು ಮುಂದೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಪರದೇಶದವರನ್ನು ಬೈದು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಆಟದ ಕರಪತ್ರ ತೆಗೆದು ನೋಡಿ. ಅತಿಥಿ ಭಾಗವತರ ಹೆಸರು ಚಿತ್ರ ಸಮೇತ ಇರುತ್ತದೆ. ಇರುಳಿಡೀ ನಿದ್ದೆಗೆಟ್ಟು ಚಕ್ರತಾಳ ಹಿಡಿದವರ ಹೆಸರು ಎಷ್ಟರಲ್ಲಿದೆ? ಮಲಯಾಳಿ ಸ್ನೇಹಿತರನ್ನೂ ಕೇಳುತ್ತೇನೆ: ತೃಶ್ಶೂರಿನ ಇಲಂಜಿತ್ತರ ಮೇಳದ ಪ್ರಮಾಣಿಯ ಹೆಸರು ನಿಮ್ಮ ನಾಲಗೆಯ ತುದಿಯಲ್ಲಿದೆ, ಹಿಂದೆ ವೀಕ್ಕನ್ ಚೆಂಡೆಯಲ್ಲಿ ತಾಳ ಕಾಯುವವರ ಹೆಸರು?

ಇನ್ನು ಆ ನೆಪದ ಮಾತು. ಕನ್ನಡ ಬಲ್ಲ ಅಧ್ಯಾಪಕರಿಲ್ಲ, ಆದ್ದರಿಂದ ಮಕ್ಕಳು ಬರುವುದಿಲ್ಲ. ಮಕ್ಕಳಿಲ್ಲ, ಆದ್ದರಿಂದ ಅಧ್ಯಾಪಕರು ಬೇಡ. ಕೃತಿಯಿಲ್ಲ, ಆದ್ದರಿಂದ ನುಡಿಸುವುದಿಲ್ಲ ಎಂಬುದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಅವಕಾಶ ಕೊಡದೆ ಇದ್ದು, ಆಮೇಲೆ ಯೋಗ್ಯತೆ ಇಲ್ಲವೆಂದು ಷರಾ ಬರೆಯುವುದು ಎಲ್ಲ ಕಡೆ ಒಂದೇ ರೀತಿ.

ಡಬಲ್ ಬೇಸಿನವನು ಎದುರು ಬಂದು ನಿಂತ ದಿನ ಅದನ್ನು ಔದಾರ್ಯವೆಂದು ಯಾರೂ ಕೊಚ್ಚಿಕೊಳ್ಳಬೇಕಾಗಿಲ್ಲ. ಇಷ್ಟು ಕಾಲ ತಡೆಹಿಡಿದದ್ದನ್ನು ಕೊಟ್ಟದ್ದು, ಅಷ್ಟೆ. ನಮ್ಮ ಸಂಘಗಳಿಗೆ ನನ್ನ ಬೇಡಿಕೆ ಸಣ್ಣದು. ಮುಂದಿನ ಸಲ ಕರಪತ್ರ ಅಚ್ಚಿಗೆ ಕೊಡುವಾಗ ಹಿಂದಿನ ಸಾಲಿನವರ ಹೆಸರನ್ನೂ ಅದೇ ಅಳತೆಯ ಅಕ್ಷರದಲ್ಲಿ ಹಾಕಿ. ಬೇರೆಯವರಿಂದ ನ್ಯಾಯ ಕೇಳುವವರು ತಮ್ಮ ಚಾವಡಿಯಲ್ಲಿ ಅದನ್ನು ಮೊದಲು ನಡೆಸಿ ತೋರಿಸಬೇಕು.